ಕಪ್ ಗೆದ್ದರೂ ಕುರ್ಚಿ ಉಳಿಯದು: ಇಂಗ್ಲಿಷ್ ಫುಟ್‌ಬಾಲ್ ಮ್ಯಾನೇಜರ್‌ಗಳಿಗೆ ಏನಾಗುತ್ತಿದೆ?

2026ರ ಮೊದಲ ದಿನವೇ ಚೆಲ್ಸಿ ಕ್ಲಬ್ ತನ್ನ ಮುಖ್ಯ ಕೋಚ್ ಎನ್ಜೊ ಮರೆಸ್ಕಾ ಅವರೊಂದಿಗಿನ ನಂಟು ಕಡಿದುಕೊಂಡಿತು. ಜನವರಿ 5ರಂದು ಮ್ಯಾಂಚೆಸ್ಟರ್ ಯುನೈಟೆಡ್ ರೂಬೆನ್ ಅಮೊರಿಮ್ ಅವರನ್ನು ಮನೆಗೆ ಕಳುಹಿಸಿತು. ಆಗ ಪ್ರೀಮಿಯರ್ ಲೀಗ್ ಅಂಕಪಟ್ಟಿಯಲ್ಲಿ ಚೆಲ್ಸಿ ಐದನೆಯ ಸ್ಥಾನದಲ್ಲಿತ್ತು, ಯುನೈಟೆಡ್ ಆರನೆಯದರಲ್ಲಿ. ಇಪ್ಪತ್ತು ತಂಡಗಳ ಲೀಗ್‌ನಲ್ಲಿ ಇದು ತಲೆದಂಡ ಕೇಳುವಂಥ ಸ್ಥಿತಿಯಲ್ಲ. ಮರೆಸ್ಕಾ ಅಂತೂ 2025ರ ಮೇ ತಿಂಗಳಲ್ಲಿ ಕಾನ್ಫರೆನ್ಸ್ ಲೀಗ್ ಗೆದ್ದು, ಜುಲೈನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವನ್ನು 3-0ಯಿಂದ ಮಣಿಸಿ ಕ್ಲಬ್ ವಿಶ್ವಕಪ್ಪನ್ನೂ ತಂದುಕೊಟ್ಟಿದ್ದರು. ಅಮೊರಿಮ್ ಕೈಯಲ್ಲಿ ಹಿಂದಿನ ಋತುವಿನಲ್ಲಿ 15ನೆಯ ಸ್ಥಾನಕ್ಕೆ ಕುಸಿದಿದ್ದ ತಂಡ ಆರಕ್ಕೆ ಏರಿತ್ತು. ಹದಿನೈದರಲ್ಲಿದ್ದಾಗ ಉಳಿದ ಕೆಲಸ ಆರರಲ್ಲಿದ್ದಾಗ ಹೋಯಿತು.

ಇದಕ್ಕೆ ಏಳು ತಿಂಗಳ ಹಿಂದೆ ಟಾಟನ್‌ಹ್ಯಾಮ್‌ನಲ್ಲಿ ಇನ್ನೂ ವಿಚಿತ್ರವಾದದ್ದು ನಡೆದಿತ್ತು. 2025ರ ಮೇ 21ರಂದು ಬಿಲ್ಬಾವೊದಲ್ಲಿ ಯುನೈಟೆಡ್ ತಂಡವನ್ನೇ 1-0ಯಿಂದ ಸೋಲಿಸಿ ಆ ಕ್ಲಬ್ ಯುರೋಪಾ ಲೀಗ್ ಗೆದ್ದಿತು. ಹದಿನೇಳು ವರ್ಷಗಳಲ್ಲಿ ಅದು ಕಂಡ ಮೊದಲ ಕಪ್ ಅದು. ಗೆಲ್ಲಿಸಿಕೊಟ್ಟ ಆಂಜ್ ಪೊಸ್ಟೆಕೊಗ್ಲು ಅವರನ್ನು ಜೂನ್ 6ರಂದು ತೆಗೆದುಹಾಕಲಾಯಿತು. ಅದೇ ಋತುವಿನಲ್ಲಿ ತಂಡ ಲೀಗ್‌ನ 38 ಪಂದ್ಯಗಳಲ್ಲಿ 22 ಸೋತು 17ನೆಯ ಸ್ಥಾನದಲ್ಲಿ ನಿಂತಿತ್ತು ಎಂಬುದೂ ನಿಜ.

ಮಾಲೀಕರಿಗೆ ತಾಳ್ಮೆಯಿಲ್ಲ ಎಂಬ ಸಿದ್ಧ ಉತ್ತರ ಇಂಥ ಪ್ರತಿ ಸುದ್ದಿಯ ಹಿಂದೆಯೇ ಬರುತ್ತದೆ. ಅದು ಅರ್ಧ ಸತ್ಯ. ಒಂದು ಕಾಲಕ್ಕೆ ಮ್ಯಾನೇಜರ್ ಒಬ್ಬರ ಕೈಯಲ್ಲೇ ಇದ್ದ ಅಧಿಕಾರಗಳು ಒಂದೊಂದಾಗಿ ಬೇರೆಯವರ ಮೇಜಿಗೆ ಹೋಗಿವೆ. ಸೋಲಿನ ಹೊಣೆ ಮಾತ್ರ ಅಲ್ಲೇ ಉಳಿದಿದೆ. ಈಗಿನ ವಜಾಗಳನ್ನು ಅರ್ಥ ಮಾಡಿಕೊಳ್ಳಲು ಈ ಅಂತರವನ್ನು ನೋಡಬೇಕು.

ಜಗಳ ಇದ್ದದ್ದು ಗಡಿಯ ಬಗ್ಗೆ

ಜನವರಿ 4ರಂದು ಲೀಡ್ಸ್ ವಿರುದ್ಧ 1-1 ಡ್ರಾ ಆದ ಬಳಿಕ ಅಮೊರಿಮ್ ಪತ್ರಕರ್ತರೆದುರು ಬಾಯಿಬಿಟ್ಟರು. ತಾನು ಈ ಕ್ಲಬ್ಬಿಗೆ ಬಂದದ್ದು ಮ್ಯಾನೇಜರ್ ಆಗುವುದಕ್ಕೆ, ಬರೀ ಕೋಚ್ ಆಗುವುದಕ್ಕಲ್ಲ. ಒಪ್ಪಂದದ ಉಳಿದ ಹದಿನೆಂಟು ತಿಂಗಳೂ ಹಾಗೆಯೇ ಇರುತ್ತೇನೆ, ಇಲ್ಲವೇ ಆಡಳಿತ ಮಂಡಳಿ ಬದಲಾವಣೆ ಬಯಸುವವರೆಗೆ ಇರುತ್ತೇನೆ ಎಂಬರ್ಥದ ಮಾತು ಅದು. ಆಡಳಿತ ಮಂಡಳಿ ಮರುದಿನವೇ ಬಯಸಿತು.

ಕಾಗದದ ಮೇಲೆ ನೋಡಿದರೆ ಅಮೊರಿಮ್ ವಾದಕ್ಕೆ ಆಧಾರವಿರಲಿಲ್ಲ. 2024ರ ನವೆಂಬರ್‌ನಲ್ಲಿ ಅವರನ್ನು ನೇಮಿಸಿದ್ದು ಮುಖ್ಯ ಕೋಚ್ ಎಂದೇ. ಅವರಿಗಿಂತ ಮೊದಲಿದ್ದ ಎರಿಕ್ ಟೆನ್ ಹಾಗ್ ವರೆಗೆ ಯುನೈಟೆಡ್‌ನಲ್ಲಿ ಆ ಸ್ಥಾನಕ್ಕೆ ಮ್ಯಾನೇಜರ್ ಎಂಬ ಹೆಸರಿತ್ತು. ಹೊಸ ವ್ಯವಸ್ಥೆಯಲ್ಲಿ ಆಟಗಾರರ ಖರೀದಿ, ಮಾರಾಟ, ಒಟ್ಟಾರೆ ಆಟದ ಧೋರಣೆ ಎಲ್ಲವೂ ಫುಟ್‌ಬಾಲ್ ನಿರ್ದೇಶಕ ಜೇಸನ್ ವಿಲ್ಕಾಕ್ಸ್ ಅವರ ಸುಪರ್ದಿಗೆ ಬಂದವು. ಅಮೊರಿಮ್ ಪಟ್ಟು ಹಿಡಿದು ಆಡಿಸುತ್ತಿದ್ದ, ಹಿಂದೆ ಮೂವರು ರಕ್ಷಕರನ್ನು ನಿಲ್ಲಿಸುವ ವಿನ್ಯಾಸವೇ ಈ ಇಬ್ಬರ ನಡುವಿನ ಬಿಕ್ಕಟ್ಟಿನ ಮೂಲ ಎಂದು ಬ್ರಿಟನ್ನಿನ ಪತ್ರಿಕೆಗಳು ಬರೆದವು.

ಚೆಲ್ಸಿಯದೂ ಇದೇ ಜಾಡು. ಅಲ್ಲಿ ಪಾಲ್ ವಿನ್‌ಸ್ಟಾನ್ಲಿ, ಲಾರೆನ್ಸ್ ಸ್ಟೀವರ್ಟ್ ಎಂಬ ಇಬ್ಬರು ಕ್ರೀಡಾ ನಿರ್ದೇಶಕರಿದ್ದಾರೆ. ಡಿಸೆಂಬರ್‌ನಲ್ಲಿ ಎವರ್ಟನ್ ತಂಡವನ್ನು ಸೋಲಿಸಿದ ಸಂತೋಷದ ಹೊತ್ತಿನಲ್ಲೇ ಮರೆಸ್ಕಾ, ತಾನು ಕ್ಲಬ್ ಸೇರಿದ ಮೇಲೆ ಕಳೆದ ಅತ್ಯಂತ ಕೆಟ್ಟ 48 ಗಂಟೆಗಳಿವು, ತಮಗೂ ತಂಡಕ್ಕೂ ಬೆಂಬಲ ಸಿಗಲಿಲ್ಲ ಎಂದು ಹೇಳಿಬಿಟ್ಟರು. ಯಾವ ಆಟಗಾರ ಎಷ್ಟು ನಿಮಿಷ ಆಡಬೇಕು ಎಂಬ ವೈದ್ಯಕೀಯ ವಿಭಾಗದ ಸಲಹೆಯೇ ತಕರಾರಿನ ವಸ್ತು ಎಂಬ ವರದಿಗಳು ಬಂದವು. ಕೊನೆಯ ಏಳು ಲೀಗ್ ಪಂದ್ಯಗಳಲ್ಲಿ ಒಂದೇ ಗೆಲುವು ಸಿಕ್ಕಿದ್ದು ನೆಪಕ್ಕೆ ಒದಗಿತು.

ಎರಡೂ ಕಡೆ ಸೋಲು ಬೆಂಕಿ ಹಚ್ಚಲಿಲ್ಲ, ತುಪ್ಪ ಸುರಿಯಿತು ಅಷ್ಟೆ. ನನ್ನ ಕೆಲಸದ ಗಡಿ ಎಲ್ಲಿದೆ ಎಂದು ಕೋಚ್ ಬಹಿರಂಗವಾಗಿ ಕೇಳಿದ್ದೇ ಮುಳುವಾಯಿತು.

ಆಯ್ಕೆ ಸಮಿತಿಯಿಂದ ಒಬ್ಬನ ಕೈಗೆ

ಎಲ್ಲವನ್ನೂ ತಾನೇ ನಿರ್ಧರಿಸುವ ಮ್ಯಾನೇಜರ್ ಇಂಗ್ಲಿಷ್ ಫುಟ್‌ಬಾಲ್‌ನ ಅನಾದಿ ಪರಂಪರೆ ಎಂಬ ನಂಬಿಕೆ ವ್ಯಾಪಕವಾಗಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುತೇಕ ಕ್ಲಬ್‌ಗಳಲ್ಲಿ ಯಾರು ಆಡಬೇಕೆಂದು ತೀರ್ಮಾನಿಸುತ್ತಿದ್ದವರು ನಿರ್ದೇಶಕರು, ಅಂದರೆ ಊರಿನ ವ್ಯಾಪಾರಿಗಳು, ಕಾರ್ಖಾನೆ ಮಾಲೀಕರು. ನಮ್ಮ ಕ್ರಿಕೆಟ್‌ನಲ್ಲಿ ಆಯ್ಕೆ ಸಮಿತಿ ಹದಿನೈದು ಮಂದಿಯನ್ನು ಆರಿಸಿ ಕೋಚ್ ಕೈಗೆ ಕೊಡುತ್ತದಲ್ಲ, ಹೆಚ್ಚುಕಡಿಮೆ ಹಾಗೆ; ಅಲ್ಲಿ ಹನ್ನೊಂದರ ಪಟ್ಟಿಯನ್ನೂ ಅವರೇ ಬರೆಯುತ್ತಿದ್ದರು.

ಇದನ್ನು ಬದಲಿಸಿದವರಲ್ಲಿ ಮೊದಲಿಗರು ಹರ್ಬರ್ಟ್ ಚಾಪ್‌ಮನ್. ಹಡರ್ಸ್‌ಫೀಲ್ಡ್ ತಂಡವನ್ನು 1924, 1925ರಲ್ಲಿ ಚಾಂಪಿಯನ್ ಮಾಡಿ ಆರ್ಸೆನಲ್‌ಗೆ ಬಂದ ಅವರು ಆಟದ ವಿನ್ಯಾಸದಿಂದ ಹಿಡಿದು ಕ್ರೀಡಾಂಗಣದ ಪಕ್ಕದ ಭೂಗತ ರೈಲು ನಿಲ್ದಾಣಕ್ಕೆ ಕ್ಲಬ್ಬಿನ ಹೆಸರಿಡಿಸುವವರೆಗೆ ಎಲ್ಲದರಲ್ಲೂ ಕೈಯಾಡಿಸಿದರು. 1945ರಲ್ಲಿ ಮ್ಯಾಟ್ ಬಸ್ಬಿ ಯುನೈಟೆಡ್ ಸೇರುವಾಗ ತಂಡದ ಆಯ್ಕೆಯಲ್ಲಿ ನಿರ್ದೇಶಕರು ತಲೆಹಾಕಬಾರದೆಂದು ಷರತ್ತು ಹಾಕಿದರು. ರಾಷ್ಟ್ರೀಯ ತಂಡಕ್ಕೆ ಆ ಬುದ್ಧಿ ಬರಲು ಇನ್ನೂ ತಡವಾಯಿತು. 1946ರಿಂದ 1962ರವರೆಗೆ ಇಂಗ್ಲೆಂಡ್ ಮ್ಯಾನೇಜರ್ ಆಗಿದ್ದ ವಾಲ್ಟರ್ ವಿಂಟರ್‌ಬಾಟಮ್ ಅವರ ಕಾಲದುದ್ದಕ್ಕೂ ಆಯ್ಕೆ ಸಮಿತಿಯ ಯಜಮಾನಿಕೆ ನಡೆಯಿತು. ಅದು ಬೇಡವೆಂಬ ಷರತ್ತಿನೊಂದಿಗೆ ಬಂದ ಆಲ್ಫ್ ರಾಮ್ಸೆ 1966ರಲ್ಲಿ ವಿಶ್ವಕಪ್ ಗೆದ್ದರು.

ಅಲ್ಲಿಂದ ಸುಮಾರು ಅರ್ಧ ಶತಮಾನ ಸರ್ವಾಧಿಕಾರಿ ಮ್ಯಾನೇಜರ್‌ಗಳ ಕಾಲ. ಎರಡನೆಯ ದರ್ಜೆಯಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು 1975ರಲ್ಲಿ ವಹಿಸಿಕೊಂಡ ಬ್ರಯಾನ್ ಕ್ಲಫ್, 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿದರು. ಅದೇ ಕ್ಲಫ್ 1974ರಲ್ಲಿ ಲೀಡ್ಸ್‌ನಲ್ಲಿ ಉಳಿದದ್ದು 44 ದಿನ. ಅಂದರೆ ದಿಢೀರ್ ವಜಾ ಈ ಕಾಲದ ಆವಿಷ್ಕಾರವಲ್ಲ. ಗೆದ್ದವರ ವಜಾ ಕೂಡ ಹೊಸದಲ್ಲ: ಚೆಲ್ಸಿಗೆ 2012ರ ಮೇನಲ್ಲಿ ಯುರೋಪಿನ ಅತಿ ದೊಡ್ಡ ಕ್ಲಬ್ ಸ್ಪರ್ಧೆಯಾದ ಚಾಂಪಿಯನ್ಸ್ ಲೀಗ್ ತಂದ ರಾಬರ್ಟೊ ಡಿ ಮಟಿಯೊ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು, ಲೆಸ್ಟರ್ ಸಿಟಿಯನ್ನು 2016ರಲ್ಲಿ ಚಾಂಪಿಯನ್ ಮಾಡಿದ ಕ್ಲಾಡಿಯೊ ರಾನಿಯೇರಿ ಮುಂದಿನ ಫೆಬ್ರವರಿಯಲ್ಲಿ.

ಫರ್ಗುಸನ್‌ಗೆ ಸಿಕ್ಕ ತಾಳ್ಮೆ

ತಾಳ್ಮೆಯ ಮಾತೆತ್ತಿದವರೆಲ್ಲ ಅಲೆಕ್ಸ್ ಫರ್ಗುಸನ್ ಉದಾಹರಣೆ ಕೊಡುತ್ತಾರೆ. 1986ರ ನವೆಂಬರ್‌ನಲ್ಲಿ ಯುನೈಟೆಡ್‌ಗೆ ಬಂದ ಅವರಿಗೆ ಮೊದಲ ಮೂರು ವರ್ಷ ಒಂದು ಕಪ್ಪೂ ಸಿಗಲಿಲ್ಲ. 1990ರ ಜನವರಿಯಲ್ಲಿ ಸೋತವರು ಹೊರಬೀಳುವ ಎಫ್‌ಎ ಕಪ್ ಪಂದ್ಯಾವಳಿಯ ಪಂದ್ಯಕ್ಕೆ ಫಾರೆಸ್ಟ್ ಅಂಗಳಕ್ಕೆ ಹೋದಾಗ, ಇದನ್ನೂ ಸೋತರೆ ಅವರ ಕಥೆ ಮುಗಿಯಿತೆಂದೇ ಮಾಧ್ಯಮಗಳು ಲೆಕ್ಕ ಹಾಕಿದ್ದವು. ಮಾರ್ಕ್ ರಾಬಿನ್ಸ್ ಎಂಬ ಯುವಕ ಹೊಡೆದ ಒಂದೇ ಗೋಲಿನಿಂದ ಯುನೈಟೆಡ್ ಗೆದ್ದಿತು, ಮೇ ತಿಂಗಳಲ್ಲಿ ಕಪ್ಪೂ ಬಂತು. ಲೀಗ್‌ನಲ್ಲಿ ಆ ವರ್ಷ 13ನೆಯ ಸ್ಥಾನ. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಲೆಕ್ಕದಲ್ಲಿ 13 ಲೀಗ್ ಪ್ರಶಸ್ತಿಗಳಿದ್ದವು.

ಈ ಕಥೆಯಿಂದ ಸಾಮಾನ್ಯವಾಗಿ ತೆಗೆಯುವ ತೀರ್ಮಾನ ‘ಕಾದರೆ ಫಲ ಸಿಗುತ್ತದೆ’ ಎಂಬುದು. ಆದರೆ ಆಡಳಿತ ಮಂಡಳಿ ಏಕೆ ಕಾಯಿತು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಫರ್ಗುಸನ್ ಆ ಮೂರು ವರ್ಷಗಳಲ್ಲಿ ಪ್ರತಿಭಾನ್ವೇಷಕರ ಜಾಲ ಹಿಗ್ಗಿಸಿದ್ದರು, ಎಳೆಯರ ತಂಡಗಳಿಗೆ ಹೊಸ ಜೀವ ತುಂಬಿದ್ದರು. ಗಿಗ್ಸ್, ಬೆಕ್‌ಹ್ಯಾಮ್, ಬಟ್, ಗ್ಯಾರಿ ನೆವಿಲ್ ಇದ್ದ ಕಿರಿಯರ ತಂಡ ಎಫ್‌ಎ ಯೂತ್ ಕಪ್ ಗೆದ್ದದ್ದು 1992ರಲ್ಲಿ. ಯಾರನ್ನು ಕೊಳ್ಳಬೇಕು, ಯಾರನ್ನು ಬೆಳೆಸಬೇಕು, ಯಾರನ್ನು ಬಿಡಬೇಕು ಎಂಬ ಇಡೀ ಯೋಜನೆ ಅವರ ತಲೆಯಲ್ಲಿತ್ತು. ಅವರನ್ನು ಕಳುಹಿಸುವುದೆಂದರೆ ಯೋಜನೆಯನ್ನೇ ಕಳೆದುಕೊಳ್ಳುವುದು. ತಾಳ್ಮೆ ಆಗ ಮಾಲೀಕರ ಸದ್ಗುಣ ಮಾತ್ರವಾಗಿರಲಿಲ್ಲ. ತೆಗೆದರೆ ಆಗುವ ನಷ್ಟ ದೊಡ್ಡದಿತ್ತು. ಇಂದು ಯೋಜನೆ ಇರುವುದು ಕ್ರೀಡಾ ನಿರ್ದೇಶಕರ ಕಂಪ್ಯೂಟರಿನಲ್ಲಿ. ಕೋಚ್ ಹೋದರೂ ಅದು ಅಲ್ಲೇ ಇರುತ್ತದೆ ಎಂಬ ಭರವಸೆಯಿಂದಲೇ ಮಾಲೀಕರ ಕೈ ಹಗುರಾಗಿದೆ.

ಒಂದು ಬೇಸಿಗೆಯ ಪಾಠ

ಸರ್ವಾಧಿಕಾರದ ಮಾದರಿ ಎಷ್ಟು ಅಪಾಯಕಾರಿ ಎಂಬುದನ್ನು 2013ರ ಬೇಸಿಗೆ ತೋರಿಸಿತು. ಫರ್ಗುಸನ್ ಜತೆಯಲ್ಲೇ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಯುನೈಟೆಡ್ ಬಿಟ್ಟರು. ಆರು ವರ್ಷಗಳ ಒಪ್ಪಂದದ ಮೇಲೆ ಬಂದ ಡೇವಿಡ್ ಮೋಯೆಸ್‌ಗೆ ಸಿಕ್ಕಿದ್ದು ಹಿಂದಿನವರು ಹೊತ್ತಿದ್ದ ಅದೇ ಭಾರ. ಹೊರಲು ಕೈಜೋಡಿಸುವವರು ಇರಲಿಲ್ಲ. ಎವರ್ಟನ್ ಆಟಗಾರ ಮರುವಾನ್ ಫೆಲೈನಿಯನ್ನು ಜುಲೈ ಮುಗಿಯುವುದರೊಳಗೆ ಕೊಂಡಿದ್ದರೆ ಒಪ್ಪಂದದ ಷರತ್ತಿನಂತೆ 2.35 ಕೋಟಿ ಪೌಂಡ್ ಸಾಕಾಗುತ್ತಿತ್ತು. ಯುನೈಟೆಡ್ ಅದನ್ನು ತಪ್ಪಿಸಿಕೊಂಡು, ವರ್ಗಾವಣೆಯ ಕೊನೆಯ ದಿನ 2.75 ಕೋಟಿ ತೆತ್ತು ಅದೇ ಆಟಗಾರನನ್ನು ತಂದಿತು. ಫೆಲೈನಿಯನ್ನು ಎವರ್ಟನ್‌ನಲ್ಲಿ ವರ್ಷಗಟ್ಟಲೆ ಆಡಿಸಿದ್ದವರು ಮೋಯೆಸ್ ಅವರೇ. ಹೊಸ ಕ್ಲಬ್ಬಿನಲ್ಲಿ ಆ ಷರತ್ತಿನ ದಿನಾಂಕ ಕಾಯುವವರು ಯಾರೂ ಇರಲಿಲ್ಲ. ಹತ್ತು ತಿಂಗಳಿಗೆ ಮೋಯೆಸ್ ಹೊರಬಿದ್ದರು.

ಆರ್ಸೆನ್ ವೆಂಗರ್ 1996ರಿಂದ 2018ರವರೆಗೆ ಆರ್ಸೆನಲ್ ಕ್ಲಬ್ಬನ್ನು ಹೀಗೆಯೇ ಒಬ್ಬರೇ ಕಟ್ಟಿ ನಡೆಸಿದ್ದರು. ಅವರು ಹೋದ ಮೇಲೆ ಕ್ಲಬ್ ಅಧಿಕಾರ ಹಂಚಿತು. ಉನಾಯ್ ಎಮೆರಿ ಮುಖ್ಯ ಕೋಚ್ ಆಗಿ ಬಂದರು, ಒಂದೂವರೆ ವರ್ಷಕ್ಕೆ ಹೋದರು. 2019ರ ಡಿಸೆಂಬರ್‌ನಲ್ಲಿ ಬಂದ ಮಿಕೆಲ್ ಆರ್ಟೆಟಾ ಕೂಡ ಮೊದಲು ಮುಖ್ಯ ಕೋಚ್ ಮಾತ್ರ. ಮುಂದಿನ ಆಗಸ್ಟ್‌ನಲ್ಲಿ ಎಫ್‌ಎ ಕಪ್ ಗೆದ್ದ ಬಳಿಕ ಸೆಪ್ಟೆಂಬರ್‌ನಲ್ಲಿ ಕ್ಲಬ್ ಅವರಿಗೆ ಮ್ಯಾನೇಜರ್ ಪದವಿ ಕೊಟ್ಟು, ಆಟಗಾರರ ಆಯ್ಕೆಯಲ್ಲೂ ಪಾಲು ಕೊಟ್ಟಿತು. ಆಮೇಲೆ ತಂಡ ಎಂಟನೆಯ ಸ್ಥಾನದಲ್ಲಿ ಋತು ಮುಗಿಸಿದಾಗಲೂ ಅವರ ಕುರ್ಚಿ ಅಲ್ಲಾಡಲಿಲ್ಲ. ಅಧಿಕಾರ ಎಲ್ಲಿದೆಯೋ ತಾಳ್ಮೆಯೂ ಅಲ್ಲಿಗೇ ಹೋಗುತ್ತದೆ ಎಂಬುದಕ್ಕೆ ಫರ್ಗುಸನ್‌ಗಿಂತ ಇದು ಸ್ಪಷ್ಟವಾದ ಸಾಕ್ಷಿ.

ಲೆಕ್ಕಪುಸ್ತಕ ಏನು ಹೇಳುತ್ತದೆ

ಅಧಿಕಾರ ಕೈಬದಲಾಗಲು ಹಣವೇ ಮುಖ್ಯ ಕಾರಣ. 10 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಒಪ್ಪಂದದ ಮೇಲೆ ಒಬ್ಬ ಆಟಗಾರನನ್ನು ಕೊಂಡರೆ, ಕ್ಲಬ್ ತನ್ನ ಲೆಕ್ಕದಲ್ಲಿ ವರ್ಷಕ್ಕೆ 2 ಕೋಟಿಯಂತೆ ವೆಚ್ಚ ತೋರಿಸುತ್ತದೆ. ಒಂದು ವರ್ಷದ ಬಳಿಕ ಪುಸ್ತಕದಲ್ಲಿ ಅವನ ಬೆಲೆ 8 ಕೋಟಿ. ಆಗ ಬಂದ ಹೊಸ ಮ್ಯಾನೇಜರ್ ‘ಇವನು ನನ್ನ ಆಟಕ್ಕೆ ಹೊಂದುವುದಿಲ್ಲ’ ಎಂದು ಮೂಲೆಗೆ ಕೂರಿಸಿ, ಕೊನೆಗೆ 5 ಕೋಟಿಗೆ ಮಾರಬೇಕಾದರೆ 3 ಕೋಟಿ ನಷ್ಟ ಆ ವರ್ಷದ ಲೆಕ್ಕಕ್ಕೇ ಬಂದು ಬೀಳುತ್ತದೆ. ಮೂರು ವರ್ಷಗಳಲ್ಲಿ ಗರಿಷ್ಠ 10.5 ಕೋಟಿ ಪೌಂಡ್ (ಆಗಷ್ಟೇ ಮೇಲಿನ ದರ್ಜೆಗೆ ಏರಿದ್ದ ಫಾರೆಸ್ಟ್‌ಗೆ 6.1 ಕೋಟಿ) ನಷ್ಟಕ್ಕಷ್ಟೇ ಅವಕಾಶವೆಂಬ ನಿಯಮ ಮುರಿದದ್ದಕ್ಕೆ 2023-24ರಲ್ಲಿ ಎವರ್ಟನ್, ಫಾರೆಸ್ಟ್ ಎರಡೂ ಅಂಕ ಕಳೆದುಕೊಂಡವು. ಹೀಗಾಗಿ ಇದು ಲೆಕ್ಕಿಗರ ತಲೆನೋವಾಗಿ ಉಳಿದಿಲ್ಲ, ಅಂಕಪಟ್ಟಿಯ ಪ್ರಶ್ನೆಯೇ ಆಗಿದೆ.

ಮಾಲೀಕರ ತರ್ಕ ಇಲ್ಲಿಂದ ಹೊರಡುತ್ತದೆ. ಆಟಗಾರರು ಕ್ಲಬ್ಬಿನ ಆಸ್ತಿ. ಕೋಚ್ ಸಂಬಳಕ್ಕೆ ಬಂದವರು. ಕೋಚ್‌ಗೆ ತಕ್ಕಂತೆ ಆಸ್ತಿ ಬದಲಿಸುವುದಕ್ಕಿಂತ ಆಸ್ತಿಗೆ ತಕ್ಕಂತೆ ಕೋಚ್ ಬದಲಿಸುವುದು ಅಗ್ಗ. ಕೇಳಲು ಒರಟಾಗಿದೆ, ಕೂಡಿ ಕಳೆದರೆ ಸರಿಯಾಗಿಯೇ ಇದೆ. ಆದರೆ ‘ಅಗ್ಗ’ ಎಂಬುದಕ್ಕೂ ಮಿತಿಯುಂಟು. ಯುನೈಟೆಡ್ 2024ರ ಜುಲೈನಲ್ಲಿ ಟೆನ್ ಹಾಗ್ ಒಪ್ಪಂದ ವಿಸ್ತರಿಸಿ ಅಕ್ಟೋಬರ್‌ನಲ್ಲಿ ಕಿತ್ತುಹಾಕಿತು; ಕ್ರೀಡಾ ನಿರ್ದೇಶಕ ಡ್ಯಾನ್ ಆಶ್ವರ್ತ್ ಅವರನ್ನು ತಂದು ಐದೇ ತಿಂಗಳಿಗೆ ಬೀಳ್ಕೊಟ್ಟಿತು. ಈ ಎರಡು ಬೀಳ್ಕೊಡುಗೆಗಳಿಗೆ ತಗುಲಿದ ಖರ್ಚು 1.45 ಕೋಟಿ ಪೌಂಡ್.

ಪರ ಮತ್ತು ವಿರೋಧ

ಹೊಸ ಮಾದರಿಯ ಸಮರ್ಥಕರು ಬ್ರೈಟನ್ ಕಡೆ ಬೊಟ್ಟು ಮಾಡುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಚೆಲ್ಸಿ ಅಲ್ಲಿನ ಗ್ರಹಾಂ ಪಾಟರ್ ಅವರನ್ನು ಕರೆದುಕೊಂಡು ಹೋಯಿತು, ಪರಿಹಾರವಾಗಿ 2 ಕೋಟಿ ಪೌಂಡ್‌ಗೂ ಹೆಚ್ಚು ಕೊಟ್ಟಿತೆಂದು ವರದಿಯಾಯಿತು. ಬ್ರೈಟನ್ ಗಾಬರಿಯಾಗಲಿಲ್ಲ. ರಾಬರ್ಟೊ ಡಿ ಜೆರ್ಬಿಯನ್ನು ತಂದು ಅದೇ ಋತುವಿನಲ್ಲಿ ಆರನೆಯ ಸ್ಥಾನ ಪಡೆದು ಮೊದಲ ಬಾರಿಗೆ ಯುರೋಪಿಯನ್ ಸ್ಪರ್ಧೆಗೆ ಅರ್ಹತೆ ಗಳಿಸಿತು. ಪಾಟರ್ ಚೆಲ್ಸಿಯಲ್ಲಿ ಏಳು ತಿಂಗಳೂ ಉಳಿಯಲಿಲ್ಲ. ಅದೇ ವ್ಯಕ್ತಿ ಒಂದು ಕಡೆ ಯಶಸ್ವಿ, ಇನ್ನೊಂದು ಕಡೆ ವಿಫಲ. ಹಾಗಾದರೆ ಗೆದ್ದದ್ದು ವ್ಯವಸ್ಥೆಯೇ ಎಂಬುದು ಅವರ ವಾದ. ಬ್ರೆಂಟ್‌ಫರ್ಡ್ ಕೂಡ ಥಾಮಸ್ ಫ್ರಾಂಕ್ ಟಾಟನ್‌ಹ್ಯಾಮ್‌ಗೆ ಹೋದಾಗ ಹೊರಗೆ ಹುಡುಕದೆ, ಫ್ರೀಕಿಕ್ ಮತ್ತು ಕಾರ್ನರ್‌ಗಳ ತರಬೇತಿ ನೋಡಿಕೊಳ್ಳುತ್ತಿದ್ದ ಕೀತ್ ಆಂಡ್ರ್ಯೂಸ್ ಅವರನ್ನೇ ಕೂರಿಸಿತು.

ವಿರೋಧಿಗಳ ಉತ್ತರವನ್ನೂ ತಳ್ಳಿಹಾಕುವಂತಿಲ್ಲ. ಬ್ರೈಟನ್‌ನಲ್ಲಿ ಮಾಲೀಕ, ನಿರ್ದೇಶಕ, ಕೋಚ್ ಮೂವರೂ ಒಂದೇ ದಿಕ್ಕಿಗೆ ಎಳೆಯುತ್ತಾರೆ. ಉಳಿದ ಕಡೆ ಎತ್ತು ಏರಿಗೆ, ಕೋಣ ನೀರಿಗೆ. ಫಾರೆಸ್ಟ್ ನೋಡಿ. 2024-25ರಲ್ಲಿ ತಂಡವನ್ನು ಏಳನೆಯ ಸ್ಥಾನಕ್ಕೆ ತಂದ ನುನೊ ಎಸ್ಪಿರಿಟೊ ಸಾಂಟೊಗೆ ಕ್ಲಬ್ 2025ರ ಜೂನ್‌ನಲ್ಲಿ ಹೊಸ ಒಪ್ಪಂದ ಕೊಟ್ಟಿತು. ಆಗಸ್ಟ್‌ನಲ್ಲಿ ಅವರು ಮಾಲೀಕರೊಂದಿಗಿನ ಸಂಬಂಧ ಮೊದಲಿನಂತಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಮೂರು ಲೀಗ್ ಪಂದ್ಯ ಮುಗಿಯುವಷ್ಟರಲ್ಲಿ ವಜಾ. ಜಾಗಕ್ಕೆ ಬಂದವರು ಪೊಸ್ಟೆಕೊಗ್ಲು, ಅಂದರೆ ನುನೊ ಕಲಿಸಿದ ರಕ್ಷಣಾತ್ಮಕ, ಎದುರೇಟಿನ ಆಟಕ್ಕೆ ತೀರ ವಿರುದ್ಧವಾದ ಆಕ್ರಮಣದ ಆಟದವರು. ಎಂಟು ಪಂದ್ಯ, ಒಂದೂ ಗೆಲುವಿಲ್ಲ. ಅಕ್ಟೋಬರ್ 18ರಂದು ಚೆಲ್ಸಿ ಎದುರು 0-3 ಸೋತು, ಪಂದ್ಯ ಮುಗಿದು ಇಪ್ಪತ್ತು ನಿಮಿಷವಾಗುವ ಮೊದಲೇ 39 ದಿನಗಳ ಅವರ ಅಧ್ಯಾಯ ಮುಗಿಯಿತು. ಮೂರನೆಯವರಾಗಿ ಬಂದದ್ದು ಶಾನ್ ಡೈಚ್, ಮತ್ತೆ ರಕ್ಷಣೆಗೆ ಹೆಸರಾದವರು. ಕ್ಲಬ್ಬಿಗೊಂದು ಆಟದ ಧೋರಣೆಯಿದೆ, ಕೋಚ್ ಅದಕ್ಕೆ ಹೊಂದಿಕೊಳ್ಳಬೇಕು ಎಂಬ ವಾದ ಈ ಸಾಲಿನೆದುರು ನಿಲ್ಲುವುದಿಲ್ಲ. ಕ್ಲಫ್ ಹದಿನೆಂಟು ವರ್ಷ ಆಳಿದ ಕ್ಲಬ್ ಇದು.

ಪೆಪ್ ಗಾರ್ಡಿಯೋಲಾ ಅವರನ್ನು ಎರಡೂ ಬಣಗಳು ತಮ್ಮವರೆನ್ನುತ್ತವೆ. 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಸತತ ನಾಲ್ಕು ಪಂದ್ಯ ಸೋತಿದ್ದಾಗಲೇ ಅವರ ಒಪ್ಪಂದವನ್ನು 2027ರವರೆಗೆ ವಿಸ್ತರಿಸಿತು. (ಆ ನಾಲ್ಕರಲ್ಲಿ ಒಂದು ಸ್ಪೋರ್ಟಿಂಗ್ ಲಿಸ್ಬನ್ ಎದುರಿನ 1-4 ಸೋಲು, ಗೆದ್ದ ತಂಡದ ಕೋಚ್ ಆಗಿನ್ನೂ ಯುನೈಟೆಡ್‌ಗೆ ಹೊರಟು ನಿಂತಿದ್ದ ಅಮೊರಿಮ್.) ಆದರೆ ಸಿಟಿ 2012ರಲ್ಲೇ ಬಾರ್ಸಿಲೋನಾದಿಂದ ಫೆರಾನ್ ಸೊರಿಯಾನೊ, ಚಿಕಿ ಬೆಗಿರಿಸ್ಟೈನ್ ಅವರನ್ನು ತಂದು ವ್ಯವಸ್ಥೆ ಸಿದ್ಧಪಡಿಸಿತ್ತು, ಗಾರ್ಡಿಯೋಲಾ ಕಾಲಿಟ್ಟದ್ದು 2016ರಲ್ಲಿ. ಅಲ್ಲಿ ಕೋಚ್ ಮತ್ತು ನಿರ್ದೇಶಕರ ನಡುವೆ ಗಡಿ ಜಗಳಕ್ಕೆ ಜಾಗವೇ ಇರಲಿಲ್ಲ.

ತೆಗೆದರೆ ತಂಡ ಗೆಲ್ಲುತ್ತದೆಯೇ?

ಹೊಸ ಮ್ಯಾನೇಜರ್ ಬಂದೊಡನೆ ತಂಡ ಎರಡು ಮೂರು ಪಂದ್ಯ ಗೆಲ್ಲುವುದು ಎಲ್ಲರ ಅನುಭವಕ್ಕೂ ಬಂದಿದೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ನೆದರ್ಲೆಂಡ್ಸ್ ಲೀಗ್‌ನ ಅಂಕಿಅಂಶ ಪರಿಶೀಲಿಸಿ, ಇದೇ ರೀತಿ ಕುಸಿದೂ ಕೋಚ್ ಬದಲಿಸದ ತಂಡಗಳೊಂದಿಗೆ ಹೋಲಿಸಿದರು. ಅವೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು. ಕಾರಣ ಸರಳ. ಗಾಯ, ದುರದೃಷ್ಟ, ಕಠಿಣ ಎದುರಾಳಿಗಳು ಒಟ್ಟಿಗೆ ಬಂದಾಗ ತಂಡ ತನ್ನ ನಿಜ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ವಜಾ ನಡೆಯುವುದು ಆ ಹೊತ್ತಿನಲ್ಲೇ. ಅಲ್ಲಿಂದ ಮೇಲೇಳುವುದು ಹೇಗಿದ್ದರೂ ಆಗುವಂಥದ್ದು, ಶ್ರೇಯ ಮಾತ್ರ ಹೊಸಬರಿಗೆ.

ಹಾಗಿದ್ದೂ ಕ್ಲಬ್‌ಗಳು ಏಕೆ ತೆಗೆಯುತ್ತವೆ? ಲೀಗ್‌ನಲ್ಲಿ ಒಂದೊಂದು ಸ್ಥಾನಕ್ಕೂ ಸುಮಾರು 30 ಲಕ್ಷ ಪೌಂಡ್ ವ್ಯತ್ಯಾಸವಿದೆ; ಕೆಳದರ್ಜೆಗೆ ಬಿದ್ದರೆ ಅಥವಾ ಚಾಂಪಿಯನ್ಸ್ ಲೀಗ್ ತಪ್ಪಿದರೆ ನಷ್ಟ ಹಲವು ಕೋಟಿ. ಜತೆಗೆ, ಕ್ರೀಡಾಂಗಣದಲ್ಲಿ ಕೂಗುತ್ತಿರುವ ಸಾವಿರಾರು ಜನರಿಗೆ ಇಪ್ಪತ್ತೈದು ಆಟಗಾರರನ್ನು ಬದಲಿಸಿ ತೋರಿಸಲಾಗದು, ತಪ್ಪು ಆಟಗಾರನನ್ನು ಕೊಂಡವರನ್ನು ಅವರು ನೋಡಿರುವುದೇ ಇಲ್ಲ. ಗೆರೆಯಂಚಿನಲ್ಲಿ ನಿಂತು ಕೈಬೀಸುವ ಒಬ್ಬರು ಮಾತ್ರ ಕಾಣುತ್ತಾರೆ.

ವೃತ್ತಿಯ ಮೇಲೆ ಆಗುವ ಪರಿಣಾಮ

ಮೊದಲನೆಯದಾಗಿ, ವಜಾ ಎಂಬುದು ಕಳಂಕವಾಗಿ ಉಳಿದಿಲ್ಲ. ಫಾರೆಸ್ಟ್ ಕೈಬಿಟ್ಟ ನುನೊ ಅದೇ ಸೆಪ್ಟೆಂಬರ್ ಮುಗಿಯುವುದರೊಳಗೆ ವೆಸ್ಟ್ ಹ್ಯಾಮ್ ಸೇರಿದರು. ಅವರಿಗೆ ಜಾಗ ತೆರವು ಮಾಡಿದವರು ಅದೇ ಗ್ರಹಾಂ ಪಾಟರ್. ಪಾಟರ್ ಅಕ್ಟೋಬರ್‌ನಲ್ಲಿ ಸ್ವೀಡನ್ ರಾಷ್ಟ್ರೀಯ ತಂಡದ ಕೋಚ್ ಆದರು.

ಎರಡನೆಯದು ಹೆಚ್ಚು ಗಂಭೀರ. ಹದಿನಾಲ್ಕು, ಹದಿನೆಂಟು ತಿಂಗಳಷ್ಟೇ ಉಳಿಯುವೆನೆಂದು ತಿಳಿದ ಕೋಚ್ ಹದಿನೇಳರ ಹುಡುಗನಿಗೆ ಅವಕಾಶ ಕೊಟ್ಟು ಎರಡು ವರ್ಷ ಕಾಯುವುದಿಲ್ಲ. ಈ ವಾರ ಗೆಲ್ಲಿಸುವವರನ್ನೇ ಆಡಿಸುತ್ತಾನೆ. ಕ್ಲಬ್ಬಿನ ದೀರ್ಘಕಾಲದ ಹಿತ ಕಾಯಲೆಂದೇ ನಿರ್ದೇಶಕರನ್ನು ತಂದದ್ದು, ಆದರೆ ದಿನದಿನದ ಆಯ್ಕೆ ಮಾಡುವವನಿಗೆ ಆ ಹಿತದಲ್ಲಿ ಪಾಲೇ ಇಲ್ಲ. ಹೊಸ ಮಾದರಿಯ ದೊಡ್ಡ ಬಿರುಕು ಇದೇ.

ಮೂರನೆಯದಾಗಿ, ಕಪ್ ಗೆದ್ದವರ ಮಾತಿಗೂ ತೂಕ ಬರುವುದು ಕೆಲವೇ ವಾರ. ಕ್ರಿಸ್ಟಲ್ ಪ್ಯಾಲೇಸ್‌ಗೆ 2025ರ ಮೇನಲ್ಲಿ ಎಫ್‌ಎ ಕಪ್ ಮೂಲಕ ಮೊದಲ ದೊಡ್ಡ ಪ್ರಶಸ್ತಿ ತಂದ ಆಲಿವರ್ ಗ್ಲಾಸ್ನರ್, ನಾಯಕ ಮಾರ್ಕ್ ಗೆಹಿಯನ್ನು ಮಾರಬಾರದೆಂದು ಹಟ ಹಿಡಿದರು. ಬದಲಿ ಆಟಗಾರ ಸಿಗದೆ ಸೆಪ್ಟೆಂಬರ್ 1ರ ಕೊನೆಯ ಗಂಟೆಗಳಲ್ಲಿ ಲಿವರ್‌ಪೂಲ್ ಜತೆಗಿನ ವ್ಯವಹಾರ ಮುರಿದುಬಿತ್ತು. ಜನವರಿಯಲ್ಲಿ ಗೆಹಿ ಮ್ಯಾಂಚೆಸ್ಟರ್ ಸಿಟಿಗೆ ಹೋದರು, ಗ್ಲಾಸ್ನರ್ ಋತುವಿನ ಕೊನೆಗೆ ಕ್ಲಬ್ ಬಿಡುವುದಾಗಿ ಪ್ರಕಟಿಸಿದರು.

2026-27ರಿಂದ ನಷ್ಟದ ಮಿತಿಯ ಬದಲು, ತಂಡದ ಮೇಲಿನ ಖರ್ಚು ಆದಾಯದ ಶೇ 85 ಮೀರಬಾರದೆಂಬ ನಿಯಮಕ್ಕೆ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಮತ ಹಾಕಿವೆ. ಆ ಖರ್ಚಿನ ಲೆಕ್ಕದಲ್ಲಿ ಮುಖ್ಯ ಕೋಚ್ ಸಂಬಳವನ್ನು ಆಟಗಾರರ ಸಂಬಳದ ಜತೆಯಲ್ಲೇ ಸೇರಿಸಲಾಗುತ್ತದೆ. ಇತ್ತ ಚೆಲ್ಸಿ, ಮರೆಸ್ಕಾ ಜಾಗಕ್ಕೆ ತನ್ನ ಮಾಲೀಕರದೇ ಇನ್ನೊಂದು ಕ್ಲಬ್ ಆದ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಿಂದ ಲಿಯಾಮ್ ರೊಸೇನಿಯರ್ ಅವರನ್ನು ಕರೆಸಿಕೊಂಡು ಒಪ್ಪಂದಕ್ಕೆ ಸಹಿ ಹಾಕಿಸಿತು. ಅದರ ಅವಧಿ 2032ರವರೆಗೆ. ಮರೆಸ್ಕಾ ಅವರದು 2029ರವರೆಗೆ ಇತ್ತು.